ಆರುನೂರ ನಲವತ್ತರಲ್ಲಿ ಹಿಡಿಯದ ವರ್ಷಗಳು

ಮೊನ್ನೆ ಅಂಗಿಯ ಗುಂಡಿಯೊಂದು ಕಿತ್ತು ಬಂತು. ಮನೆಯಲ್ಲಿ ನಾನೊಬ್ಬನೇ ಇದ್ದೆ. ಅರವತ್ತು ದಾಟಿದರೂ ಒಂದು ಗುಂಡಿ ಹೊಲಿದುಕೊಳ್ಳಲು ಬಾರದವನು ಎಂದು ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ. ಆ ಮಾತನ್ನು ಸುಳ್ಳು ಮಾಡಿಯೇ ತೀರಬೇಕೆಂದು ಅವಳ ಹಳೆಯ ಗುಂಡಿ ಡಬ್ಬಿಯನ್ನು ತೆಗೆದು ಹಾಸಿಗೆಯ ಮೇಲೆ ಸುರಿದೆ. ರವಿಕೆಯ ಹುಕ್ಕು, ಸ್ಕೂಲ್ ಯೂನಿಫಾರಮ್ಮಿನ ಬಿಳಿ ಗುಂಡಿ, ಯಾವುದೋ ಕೋಟಿನ ಹಿತ್ತಾಳೆ ಗುಂಡಿ, ಇವುಗಳ ನಡುವೆ ಕರಿಯ ಹುಳುವಿನಂಥದ್ದೊಂದು ಬಿತ್ತು. ಎರಡು ಬದಿಗೂ ಎಂಟೆಂಟು ಕಾಲು. ಹೆಬ್ಬೆರಳಿನ ಉಗುರಿಗಿಂತ ತುಸು ಉದ್ದ. ಬೆನ್ನ ಮೇಲೆ ಬರೆದ ಅಂಕಿಗಳು ಮಾಸಿದ್ದವು. ಅದು ಹಳೆಯ ಕಂಪ್ಯೂಟರಿನ ಮೆಮೊರಿ ಚಿಪ್ಪು. ಈಗ ನಿಮ್ಮ ಫೋನಿಗೆ ದಿನಾ ಬೆಳಗ್ಗೆ ಬರುವ ಒಂದು ಶುಭೋದಯದ ಚಿತ್ರವನ್ನು ಇಡಬೇಕಾದರೆ ಇಂಥ ಚಿಪ್ಪುಗಳು ಹತ್ತಿಪ್ಪತ್ತಾದರೂ ಬೇಕಾದಾವು. ನಾವು ಆಗ ಇಂಥವನ್ನು ಹತ್ತಿಯಲ್ಲಿ ಸುತ್ತಿ ಎದೆಯ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆವು.

ಗುಂಡಿ ಹೊಲಿಯುವುದು ಅಲ್ಲಿಗೇ ನಿಂತಿತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ. ಲಾರಿ, ಬಸ್ಸುಗಳ ಹೊರಮೈಗೆ ಬೇಕಾಗುವ ತಗಡಿನ ಭಾಗಗಳನ್ನು ದೊಡ್ಡ ದೊಡ್ಡ ಪ್ರೆಸ್ಸುಗಳಲ್ಲಿ ಹೊಡೆದು ತೆಗೆಯುತ್ತಿದ್ದರು. ಮಾರತ್ತಹಳ್ಳಿಯಲ್ಲಿ ಬಸ್ಸಿಳಿದು ರಾಗಿ ಹೊಲಗಳ ನಡುವಿನ ಮಣ್ಣುದಾರಿಯಲ್ಲಿ ನಡೆದು ಹೋಗಬೇಕು. ಕಾರ್ಖಾನೆ ಕಣ್ಣಿಗೆ ಬೀಳುವುದಕ್ಕೂ ಮುಂಚೆ ಕಾಲಿಗೆ ತಿಳಿಯುತ್ತಿತ್ತು. ನೆಲ ಸಣ್ಣಗೆ ಅದುರುತ್ತಿತ್ತು. ಒಳಗೆ ಹೋದ ಮೇಲೆ ಪ್ರೆಸ್ ಶಾಪಿನಲ್ಲಿ ಪಕ್ಕದವನಿಗೆ ಏನಾದರೂ ಹೇಳಬೇಕಾದರೆ ಅವನ ಕಿವಿಗೆ ಬಾಯಿಟ್ಟು ಕೂಗಬೇಕು. ಮಧ್ಯಾಹ್ನ ಊಟಕ್ಕೆ ಪ್ರೆಸ್ಸುಗಳನ್ನು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು.

ನನ್ನ ತಂದೆ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ನಿನ ಮುಂದೆ ಮೂವತ್ತು ವರ್ಷ ನಿಂತವರು. ನಾನು ಮಾತ್ರ ನಿಲ್ಲಲಿಲ್ಲ, ಕೂತೆ. ಅದೂ ಏರ್ ಕಂಡೀಷನ್ ಇದ್ದ ಕೋಣೆಯಲ್ಲಿ. ಇಡೀ ಕಾರ್ಖಾನೆಗೆ ಒಂದೇ ಕಂಪ್ಯೂಟರು, ಅದಕ್ಕೆ ನಾನೊಬ್ಬನೇ ಆಪರೇಟರು. ಬಾಗಿಲಲ್ಲಿ ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂದು ನಾನೇ ಬರೆದು ಅಂಟಿಸಿದ್ದೆ. ವರ್ಕ್ಸ್ ಮ್ಯಾನೇಜರ್ ಶ್ರೀನಿವಾಸಮೂರ್ತಿಯವರು ಕೂಡ ನನ್ನ ಕೋಣೆಗೆ ಬರುವಾಗ ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದರು. ಇಪ್ಪತ್ತೈದರ ಹುಡುಗನಿಗೆ ಅಷ್ಟು ಸಾಕಲ್ಲ ತಲೆ ತಿರುಗುವುದಕ್ಕೆ. ಆಯುಧಪೂಜೆಯ ದಿನ ಯಾರೋ ಕೀಬೋರ್ಡಿನ ಮೇಲೆ ಕುಂಕುಮ ಹಾಕಿದರೆಂದು ನಾನು ಸಿಟ್ಟು ಮಾಡಿಕೊಂಡು, ಅರ್ಧ ದಿನ ಬ್ರಶ್ಶಿನಲ್ಲಿ ಒಂದೊಂದೇ ಕೀಲಿಯನ್ನು ಉಜ್ಜಿದ್ದು ನೆನಪಿದೆ. ಆ ಮೆಷಿನ್ನಿನಿಂದ ಆಗದ ಕೆಲಸವೇ ಇಲ್ಲ ಎಂದು ನಾನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಆ ಮಾತನ್ನು ನಂಬಿದವರು ಡಾಕ್ಟರ್ ಸರಸ್ವತಿ. ವಾರಕ್ಕೆ ಮೂರು ದಿನ ಕಾರ್ಖಾನೆಯ ಚಿಕಿತ್ಸಾಲಯಕ್ಕೆ ಬರುತ್ತಿದ್ದರು. ಐವತ್ತು ದಾಟಿದ, ಕಡಿಮೆ ಮಾತಿನ ಹೆಂಗಸು. ಎಲ್ಲರೂ ಅವರನ್ನು ಡಾಕ್ಟರಮ್ಮ ಅನ್ನುತ್ತಿದ್ದರು. ಗಾಯಕ್ಕೆ ಪಟ್ಟಿ, ಜ್ವರಕ್ಕೆ ಮಾತ್ರೆ ಇವಲ್ಲದೆ ಅವರು ಇನ್ನೊಂದು ಕೆಲಸವನ್ನು ಯಾರೂ ಹೇಳದೆಯೇ ಹಚ್ಚಿಕೊಂಡಿದ್ದರು. ಎಲ್ಲಿಂದಲೋ ಒಂದು ಕಿವಿ ಪರೀಕ್ಷೆಯ ಯಂತ್ರ ತರಿಸಿ, ಪ್ರೆಸ್ ಶಾಪಿನ ಪ್ರತಿಯೊಬ್ಬನನ್ನೂ ವರ್ಷಕ್ಕೊಮ್ಮೆ ಕೂರಿಸಿ ಪರೀಕ್ಷೆ ಮಾಡುತ್ತಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿ ದಪ್ಪನೆಯ ಸ್ವರದಿಂದ ಸಿಳ್ಳೆಯಂಥ ಸಣ್ಣ ಸ್ವರದವರೆಗೆ ಒಂದೊಂದನ್ನೇ ಕೇಳಿಸುವುದು. ಕೇಳಿದ ತಕ್ಷಣ ಅವನು ಬೆರಳೆತ್ತುವುದು. ಎಷ್ಟು ಜೋರು ಮಾಡಿದಾಗ ಕೇಳಿತು ಅನ್ನುವುದಕ್ಕೆ ಒಂದು ಅಂಕಿ. ಅಂಕಿ ಹೆಚ್ಚಿದಷ್ಟೂ ಕಿವಿ ಮಂದ. ಹೀಗೆ ಹನ್ನೆರಡು ವರ್ಷಗಳ ಅಂಕಿಗಳು ದಪ್ಪ ರಟ್ಟಿನ ರಿಜಿಸ್ಟರುಗಳಲ್ಲಿ ಅವರ ಬೀರುವಿನಲ್ಲಿದ್ದವು.

“ಇದನ್ನೆಲ್ಲ ನಿಮ್ಮ ಮೆಷಿನ್ನಿಗೆ ಹಾಕಿದ್ರೆ, ಯಾರ ಕಿವಿ ಎಷ್ಟು ಹೋಗಿದೆ ಅಂತ ಒಟ್ಟಿಗೆ ನೋಡಬಹುದಾ?” ಎಂದು ಅವರು ಒಂದು ದಿನ ಕೇಳಿದರು.

“ಅದೆಷ್ಟು ಹೊತ್ತಿನ ಕೆಲಸ ಮೇಡಂ,” ಎಂದೆ.

ಆ ಕಾಲದ ಲೆಕ್ಕದ ಹಾಳೆಯ ಪ್ರೋಗ್ರಾಮು ಇಡೀ ಹಾಳೆಯನ್ನು ಒಂದೇ ಸಲಕ್ಕೆ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕಿತ್ತು. ಡಿಸ್ಕಿನಲ್ಲಿ ಎಷ್ಟೇ ಜಾಗವಿರಲಿ, ಮೆಮೊರಿಯಲ್ಲಿ ಹಿಡಿಯದಿದ್ದರೆ ಹಾಳೆಯೇ ತೆರೆಯದು. ನಮ್ಮ ಮೆಷಿನ್ನಿನಲ್ಲಿದ್ದದ್ದು ಇನ್ನೂರ ಐವತ್ತಾರು ಕೆಬಿ ಮಾತ್ರ. ಪ್ರೆಸ್ ಶಾಪಿನಲ್ಲಿ ಮುನ್ನೂರು ಜನ. ಒಬ್ಬೊಬ್ಬನಿಗೂ ಎರಡು ಕಿವಿ, ಒಂದೊಂದು ಕಿವಿಗೂ ಆರು ಸ್ವರ, ಅದು ವರ್ಷ ವರ್ಷಕ್ಕೂ. ಎರಡು ವರ್ಷದ ಅಂಕಿಗಳನ್ನು ತುಂಬುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ‘ಮೆಮೊರಿ ಫುಲ್’ ಎಂಬ ಎರಡು ಪದ ಮಿನುಗತೊಡಗಿತು. ನನಗೆ ನಾಚಿಕೆಯಾಯಿತು. ಆಗದ ಕೆಲಸವೇ ಇಲ್ಲ ಎಂದಿದ್ದೆನಲ್ಲ.

ಮೂರ್ತಿಯವರನ್ನು ಕಾಡಿ ಬೇಡಿ ಮೆಮೊರಿ ಹೆಚ್ಚಿಸಲು ಒಪ್ಪಿಸಿದೆ. ಎಸ್.ಪಿ. ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ ಚಿಪ್ಪುಗಳು ಸಿಕ್ಕವು. ಒಂದು ಸಾಲಿಗೆ ಒಂಬತ್ತರಂತೆ ಮೂರು ಸಾಲು, ಒಟ್ಟು ಇಪ್ಪತ್ತೇಳು. ಎಂಟು ಚಿಪ್ಪು ಅಂಕಿಗಳನ್ನು ಇಟ್ಟುಕೊಳ್ಳಲು, ಒಂಬತ್ತನೆಯದು ಉಳಿದ ಎಂಟು ಸರಿಯಾಗಿವೆಯೇ ಎಂದು ಕಾಯಲು. ಇವನ್ನು ಕೂರಿಸಿದರೆ ಮೆಷಿನ್ನು ಆರುನೂರ ನಲವತ್ತಕ್ಕೆ ಏರುತ್ತದೆ. ಇಂಜಿನಿಯರ್ ಒಬ್ಬನನ್ನು ಕರೆಸಬೇಕಿತ್ತು. ನಾನು ಕರೆಸಲಿಲ್ಲ. ಪುಸ್ತಕ ನೋಡಿಕೊಂಡು ನಾನೇ ಕೂರಿಸುತ್ತೇನೆಂದು ಮೆಷಿನ್ನಿನ ಮುಚ್ಚಳ ಬಿಚ್ಚಿದೆ.

ಮೊದಲ ಸಾಲಿನ ನಾಲ್ಕನೆಯ ಚಿಪ್ಪಿಗೇ ಎಡವಟ್ಟಾಯಿತು. ಹೊಸ ಚಿಪ್ಪಿನ ಕಾಲುಗಳು ತುಸು ಅಗಲವಾಗಿ ಚಾಚಿಕೊಂಡಿರುತ್ತವೆ. ಅವನ್ನು ಮೊದಲು ಒಳಕ್ಕೆ ಒತ್ತಿ ನೇರ ಮಾಡಿಕೊಳ್ಳಬೇಕು. ನಾನು ನೇರ ಮಾಡದೆಯೇ ಅದುಮಿದೆ. ಒಂದು ಕಾಲು ತನ್ನ ತೂತಿಗೆ ಇಳಿಯದೆ ಹೊಟ್ಟೆಯ ಅಡಿಗೆ ಮಡಚಿಕೊಂಡಿತು. ತೆಗೆದು ಇಕ್ಕಳದಲ್ಲಿ ನೆಟ್ಟಗೆ ಮಾಡಲು ಹೋದರೆ ಇನ್ನೊಂದು ಕಾಲು ಸೊಟ್ಟಗಾಯಿತು. ಮೂರನೆಯ ಸಲ ಮಡಚಿದರೆ ಮುರಿಯುತ್ತದೆಂದು ಗೊತ್ತಿತ್ತು.

ಏರ್ ಕಂಡೀಷನರಿನ ಚೌಕಟ್ಟಿಗೆ ಒಂದು ಪಟ್ಟಿ ಬಿಗಿಯಲು ಪ್ರೆಸ್ ಶಾಪಿನಿಂದ ಮುನಿವೆಂಕಟಪ್ಪ ಆ ಹೊತ್ತಿಗೆ ಒಳಗೆ ಬಂದಿದ್ದರು. ದೊಡ್ಡನೆಕ್ಕುಂದಿ ಊರಿನವರೇ, ಐವತ್ತರ ಆಸುಪಾಸು. ಮೂರನೆಯ ನಂಬರಿನ ದೊಡ್ಡ ಪ್ರೆಸ್ಸಿಗೆ ಅಚ್ಚು ಕಟ್ಟುವ ಕೆಲಸ ಅವರದು. ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗದಂತೆ ಅಚ್ಚು ಕೂರಿಸುವವರು ಕಾರ್ಖಾನೆಯಲ್ಲಿ ಅವರೊಬ್ಬರೇ. ನನ್ನ ಬೆನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು.

“ಅಂಗೆ ಅದುಮ್ಬಾರ್ದು ಸಾಮಿ. ಒಸಿ ಇತ್ಲಾಗೆ ಕೊಡಿ,” ಎಂದರು.

“ಇದು ಕಬ್ಬಿಣ ಅಲ್ಲ ಕಣ್ರೀ,” ಎಂದೆ. ಅವರಿಗೆ ಕೇಳಿಸಲಿಲ್ಲ. ಅಂಗೈ ಚಾಚಿಯೇ ಇದ್ದರು. ಕೊಟ್ಟೆ.

ಅವರು ಜೇಬಿನಿಂದ ಒಂದು ಬ್ಲೇಡಿನಷ್ಟು ತೆಳುವಾದ ಉಕ್ಕಿನ ಪಟ್ಟಿ ತೆಗೆದರು. ಚಿಪ್ಪನ್ನು ಮೇಜಿನ ಅಂಚಿಗೆ ಆನಿಸಿ, ಸೊಟ್ಟ ಕಾಲಿನ ಕೆಳಗೆ ಪಟ್ಟಿ ತೂರಿಸಿ, ಉಸಿರು ಹಿಡಿದು ಎತ್ತಿದರು. ಒಂದು ಕಾಲು ನೆಟ್ಟಗಾಯಿತು, ಆಮೇಲೆ ಇನ್ನೊಂದು. ಆಮೇಲೆ ಆ ದಪ್ಪ ಬೆರಳುಗಳಲ್ಲೇ ಒಂದೊಂದು ಬದಿಯ ಎಂಟು ಕಾಲುಗಳನ್ನೂ ಒಟ್ಟಿಗೆ ಮೇಜಿಗೆ ಒತ್ತಿ ನೇರ ಮಾಡಿ ಕೊಟ್ಟರು. ಉಳಿದ ಚಿಪ್ಪುಗಳನ್ನೂ ಅವರೇ ಹಾಗೆ ಸಿದ್ಧಮಾಡಿದರು, ನಾನು ಕೂರಿಸುತ್ತಾ ಹೋದೆ. ಮೆಷಿನ್ನು ಚಾಲೂ ಮಾಡಿದಾಗ ಪರದೆಯ ಮೇಲೆ ಅಂಕಿ ಏರತೊಡಗಿತು. ಇನ್ನೂರ ಐವತ್ತಾರು ದಾಟಿತು, ಐನೂರು ದಾಟಿತು, ಆರುನೂರ ನಲವತ್ತಕ್ಕೆ ಬಂದು ನಿಂತಿತು. ನಾನು ಅವರ ಕೈ ಹಿಡಿದು ಕುಲುಕಿದೆ. ಅವರು ನಕ್ಕು, “ಇನ್ನಾ ಮೇಲಕ್ಕೆ ಓಯ್ತದಾ?” ಎಂದು ಕೇಳಿದರು.

ಹೋಗುವುದಿಲ್ಲ ಎಂದು ತಿಳಿದದ್ದು ಎರಡು ತಿಂಗಳ ಮೇಲೆ. ಡಾಕ್ಟರಮ್ಮ ರಿಜಿಸ್ಟರುಗಳನ್ನೆಲ್ಲ ಕೊಟ್ಟಿದ್ದರು. ನಾನು ಎಲ್ಲರ ಪುಟಗಳಿಂದ ಒಂದೊಂದೇ ವರ್ಷವನ್ನು ಹೆಕ್ಕಿ ತುಂಬುತ್ತಾ ಹೋದೆ. ಒಂಬತ್ತನೆಯ ವರ್ಷದ ನಡುವೆ ಮತ್ತೆ ಅದೇ ಎರಡು ಪದ ಮಿನುಗಿತು. ಎಸ್.ಪಿ. ರಸ್ತೆಗೆ ಓಡಿದೆ. ಅಂಗಡಿಯಾತ ತಲೆ ಅಲ್ಲಾಡಿಸಿದ.

“ಚಿಪ್ ಬೇಕಾದಷ್ಟು ಕೊಡ್ತೀನಿ ಸಾರ್. ಆದ್ರೆ ನಿಮ್ಮ ಮೆಷಿನ್ನಿಗೆ ಅದು ಕಾಣಲ್ಲ. ಆರ್ನೂರ ನಲವತ್ತರ ಮೇಲಿನ ಜಾಗ ಸ್ಕ್ರೀನಿಗೆ, ಒಳಗಿನ ಬೇರೆ ಕಾರ್ಡುಗಳಿಗೆ ಅಂತ ಮೊದಲೇ ಮೀಸಲು ಮಾಡಿಬಿಟ್ಟಿದ್ದಾರೆ. ಅದನ್ನ ದಾಟೋ ಕಾರ್ಡ್ ಒಂದು ಹೊರದೇಶದಲ್ಲಿ ಬಂದಿದೆಯಂತೆ, ನಾನಿನ್ನೂ ನೋಡಿಲ್ಲ.”

ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದೆ. ಡಾಕ್ಟರಮ್ಮನಿಗೆ ಏನು ಹೇಳುವುದು? ಅವರು ಆಗ ಊರಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ಎರಡು ತಿಂಗಳ ರಜೆಯಲ್ಲಿ ಮೈಸೂರಿಗೆ ಹೋಗಿದ್ದರು. ಅದು ನನಗೆ ಒಳ್ಳೆಯದೇ ಅನ್ನಿಸಿತು. ಸೋಲನ್ನು ಹೇಳುವುದನ್ನು ಎರಡು ತಿಂಗಳು ಮುಂದೆ ಹಾಕಬಹುದಲ್ಲ.

ಹೇಳಿದ್ದು ಮೂರ್ತಿಯವರಿಗೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡರು.

“ಹನ್ನೆರಡು ವರ್ಷದ್ದು ಯಾಕ್ರೀ ಬೇಕು? ಹಳೇದನ್ನ ತೆಗೆದುಹಾಕಿ. ಕೊನೇ ನಾಕು ವರ್ಷದ್ದು ಇಟ್ಕೊಳ್ಳಿ, ಸಾಕು. ಈಗ ಹೇಗಿದಾರೆ ಅನ್ನೋದು ತಾನೇ ನಮಗೆ ಮುಖ್ಯ?”

ಆ ಮಾತು ನನಗೆ ಸರಿಯಾಗಿಯೇ ಕಂಡಿತು. ಸರಿಯಾಗಿ ಕಂಡಿತು ಅನ್ನುವುದಕ್ಕಿಂತ, ನನ್ನ ಮಾನ ಉಳಿಸುವ ಮಾತಾಗಿ ಕಂಡಿತು. ಹಳೆಯ ಸಾಲುಗಳನ್ನೆಲ್ಲ ಅಳಿಸಿದೆ. ಡಾಕ್ಟರಮ್ಮ ನನ್ನಲ್ಲಿ ಬಿಟ್ಟುಹೋಗಿದ್ದ ರಿಜಿಸ್ಟರುಗಳಿಂದ ಕೊನೆಯ ನಾಲ್ಕು ವರ್ಷದ್ದನ್ನು ತುಂಬಿ, ಅವನ್ನು ಅವರ ಬೀರುವಿಗೆ ಸೇರಿಸಿದೆ. ಬೇರೆ ಫ್ಲಾಪಿಯಲ್ಲಿ ಒಂದು ಪ್ರತಿ ಇಡಬಹುದಿತ್ತು, ಇಡಲಿಲ್ಲ. ಇದ್ದ ಫ್ಲಾಪಿಯ ಮೇಲೆಯೇ ಹೊಸ ಹಾಳೆಯನ್ನು ಬರೆದುಬಿಟ್ಟೆ. ಹಾಳೆ ಹಗುರಾಗಿ, ಚಕಚಕನೆ ತೆರೆಯತೊಡಗಿತು. ಮೊದಲ ವರ್ಷದ ಅಂಕಿ ಒಂದು ಕಡೆ, ಕೊನೆಯ ವರ್ಷದ ಅಂಕಿ ಇನ್ನೊಂದು ಕಡೆ, ಅವುಗಳ ವ್ಯತ್ಯಾಸ ಮೂರನೆಯ ಕಡೆ ಬರುವಂತೆ ಮಾಡಿದೆ. ವ್ಯತ್ಯಾಸ ಇಂತಿಷ್ಟಕ್ಕಿಂತ ಕಡಿಮೆಯಿದ್ದರೆ, ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ ಎಂದು ಇಂಗ್ಲಿಷಿನಲ್ಲಿ ತಾನಾಗಿಯೇ ಮೂಡುವಂತೆ ಮಾಡಿದ್ದು ನನ್ನ ಹೆಚ್ಚುಗಾರಿಕೆ. ಪ್ರಿಂಟರು ಕಿರ್ರೆನ್ನುತ್ತಾ ಉದ್ದನೆಯ ಕಾಗದ ಉಗುಳಿತು. ಮುನ್ನೂರು ಹೆಸರುಗಳು. ಹೆಚ್ಚುಕಡಿಮೆ ಎಲ್ಲರ ಮುಂದೆಯೂ ಅದೇ ವಾಕ್ಯ. ಮೂರ್ತಿಯವರು ನೋಡಿ, “ಬಹಳ ಚೆನ್ನಾಗಿ ಮಾಡಿದೀರ,” ಎಂದರು. ಆ ಸಂಜೆ ಮನೆಗೆ ಮೈಸೂರು ಪಾಕು ತೆಗೆದುಕೊಂಡು ಹೋದೆ.

ಮುಂದಿನದು ನಡೆದದ್ದು ಆ ಕಾಗದದಿಂದ.

ಮುನಿವೆಂಕಟಪ್ಪನವರು ಕಿವಿ ಪೂರಾ ಮಂದವಾಗಿದೆ, ಪ್ರೆಸ್ ಶಾಪಿನಲ್ಲಿ ಕೂಗಿದರೂ ತಿಳಿಯುವುದಿಲ್ಲ, ಅಚ್ಚುಗಳನ್ನು ರಿಪೇರಿ ಮಾಡುವ, ಸದ್ದಿಲ್ಲದ ಟೂಲ್ ರೂಮಿಗೆ ಹಾಕಿಕೊಡಿ ಎಂದು ಅರ್ಜಿ ಕೊಟ್ಟಿದ್ದರು. ಡಾಕ್ಟರಮ್ಮ ರಜೆಗೆ ಹೋಗುವ ಮೊದಲೇ ಅದಕ್ಕೆ ಶಿಫಾರಸು ಬರೆದಿದ್ದರು. ಮೂರ್ತಿಯವರಿಗೆ ಅವರನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಮೂರನೆಯ ಪ್ರೆಸ್ಸಿಗೆ ಅವರಂತೆ ಅಚ್ಚು ಕಟ್ಟುವವರು ಇನ್ನೊಬ್ಬರಿರಲಿಲ್ಲ. ಅರ್ಜಿಗೆ ಉತ್ತರ ಕೊಡುವ ದಿನ ನನ್ನನ್ನೂ ಕರೆದರು. ಮುನಿವೆಂಕಟಪ್ಪ ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದರು. ಮೂರ್ತಿಯವರು ಕಾಗದದಲ್ಲಿ ಅವರ ಹೆಸರಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಹೇಳಿದರು.

“ನೋಡಪ್ಪ, ನಿನ್ನ ಕಿವಿ ಮಂದ ಇರೋದು ನಿಜ. ಆದ್ರೆ ಅದು ಹೆಚ್ಚಾಗ್ತಾ ಇಲ್ಲ. ಕಂಪ್ಯೂಟರೇ ಹೇಳ್ತಾ ಇದೆ. ಇಲ್ಲಿ ಕೆಲಸ ಮಾಡಿ ಆಗಿದ್ದಾದ್ರೆ ಇನ್ನೂ ಹೆಚ್ಚಾಗ್ತಿತ್ತು ತಾನೇ? ಅಲ್ವೇನ್ರೀ?”

ಕೊನೆಯ ಮಾತು ನನ್ನ ಕಡೆಗೆ. ನಾನು ತಲೆಯಾಡಿಸಿದೆ. ಮುನಿವೆಂಕಟಪ್ಪನವರಿಗೆ ಮಾತು ಎಷ್ಟು ಕೇಳಿಸಿತೋ ತಿಳಿಯದು. ನನ್ನ ತಲೆ ಆಡಿದ್ದನ್ನು ನೋಡಿದರು. ಕೈ ಮುಗಿದು ಹೊರಗೆ ಹೋದರು.

ಇಪ್ಪತ್ತು ದಿನ ಕಳೆದಿರಬೇಕು. ಬೆಳಗಿನ ಟೀ ಹೊತ್ತು. ಕ್ಯಾಂಟೀನಿನಿಂದ ಪ್ರೆಸ್ ಶಾಪಿಗೆ ಅಂಗಳ ದಾಟಿ ಹೋಗಬೇಕು. ಉಕ್ಕಿನ ತಗಡುಗಳನ್ನು ಹೊತ್ತ ಫೋರ್ಕ್‌ಲಿಫ್ಟ್ ಗೋಡೌನಿನ ಕಡೆಯಿಂದ ಹಿಂದಕ್ಕೆ ಬರುತ್ತಿತ್ತು. ಡ್ರೈವರು ಹಾರನ್ ಹೊಡೆದ, ಮತ್ತೆ ಹೊಡೆದ. ಟೀ ಕುಡಿಯುತ್ತಾ ನಿಂತಿದ್ದ ನಾಲ್ಕೈದು ಜನ ಕೂಗಿದರು. ಎಲ್ಲರೂ ಪಕ್ಕಕ್ಕೆ ಸರಿದರು. ಬೆನ್ನು ಹಾಕಿ ನಡೆಯುತ್ತಿದ್ದ ಮುನಿವೆಂಕಟಪ್ಪ ಮಾತ್ರ ಸರಿಯಲಿಲ್ಲ. ಚಕ್ರ ಎಡಗಾಲಿನ ಪಾದದ ಮೇಲೆ ಹತ್ತಿತು.

ನಾನು ಕಿಟಕಿಯಿಂದ ನೋಡಿದೆ. ಏರ್ ಕಂಡೀಷನ್ ಕೋಣೆಗೆ ಹೊರಗಿನ ಸದ್ದು ಬರುತ್ತಿರಲಿಲ್ಲ. ಜನರ ಬಾಯಿ ತೆರೆದದ್ದು ಕಂಡಿತು, ಮುನಿವೆಂಕಟಪ್ಪ ಬಿದ್ದದ್ದು ಕಂಡಿತು, ಏನೂ ಕೇಳಿಸಲಿಲ್ಲ. ಓಡಿ ಹೋದೆ. ಬರಿಗಾಲಲ್ಲಿ ಓಡಿದ್ದೇನೆಂದು ಆಮೇಲೆ ತಿಳಿಯಿತು. ಅವರನ್ನು ಜೀಪಿನಲ್ಲಿ ಮಲಗಿಸುವಾಗ, ಹಾರನ್ ಯಾಕೆ ಹೊಡೆಯಲಿಲ್ಲ ಎಂದು ಅವರು ಡ್ರೈವರನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಅವನು ಅಳುತ್ತಿದ್ದ. ಆಸ್ಪತ್ರೆಯಲ್ಲಿ ಅರ್ಧ ಪಾದ ತೆಗೆದರು.

ಸುದ್ದಿ ತಿಳಿದು ಡಾಕ್ಟರಮ್ಮ ರಜೆ ಮುಗಿಯುವ ಮೊದಲೇ ಬಂದರು. ಆಸ್ಪತ್ರೆಗೆ ಹೋಗಿ ನೋಡಿಕೊಂಡು, ಚಿಕಿತ್ಸಾಲಯದ ಬೀರು ತೆಗೆದು, ಅಲ್ಲಿಂದ ನೇರ ನನ್ನ ಕೋಣೆಗೆ ಬಂದರು. ಕೈಯಲ್ಲಿ ಒಂದು ರಿಜಿಸ್ಟರು, ಇನ್ನೊಂದು ಕೈಯಲ್ಲಿ ನನ್ನ ಪ್ರಿಂಟ್ ಔಟ್. ಎರಡನ್ನೂ ನನ್ನ ಮುಂದೆ ಬಿಡಿಸಿಟ್ಟರು.

“ಇದರಲ್ಲಿ ಮೊದಲ ವರ್ಷ ಅಂತ ಹಾಕಿದೀರಲ್ಲ, ಅದು ಯಾರ ಮೊದಲ ವರ್ಷ?” ಎಂದು ಕೇಳಿದರು. ದನಿ ಏರಿಸಲಿಲ್ಲ.

ನಾನು ಮೆಮೊರಿಯ ಕತೆ ಹೇಳಿದೆ. ಆರುನೂರ ನಲವತ್ತು, ಮೀಸಲಾದ ಜಾಗ, ಎಸ್.ಪಿ. ರಸ್ತೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ ರಿಜಿಸ್ಟರಿನ ಒಂದು ಪುಟ ತೆಗೆದರು. ಮೇಲೆ ಮುನಿವೆಂಕಟಪ್ಪ ಎಂದು ದುಂಡಗೆ ಬರೆದಿತ್ತು.

“ಇವರು ಇಲ್ಲಿಗೆ ಸೇರಿದ ವರ್ಷ ಸಣ್ಣ ಸಿಳ್ಳೆ ಸದ್ದೂ ಕೇಳಿಸ್ತಿತ್ತು. ನೋಡಿ, ಹತ್ತು. ಎರಡು ವರ್ಷಕ್ಕೆ ಇಪ್ಪತ್ತೈದು. ಏಳು ವರ್ಷ ಆಗೋ ಹೊತ್ತಿಗೆ ಅರವತ್ತು. ಗದ್ದಲದಲ್ಲಿ ಕಿವಿ ಹೋಗೋದು ಹೀಗೇ. ಮೊದಲ ವರ್ಷಗಳಲ್ಲೇ ಬಹುಪಾಲು ಹೋಗಿಬಿಡುತ್ತೆ. ಆಮೇಲೆ ಹೋಗೋಕೆ ಹೆಚ್ಚು ಉಳಿದಿರಲ್ಲ. ನೀವು ಇಟ್ಕೊಂಡ ನಾಕು ವರ್ಷ ಎಲ್ಲ ಹೋದ ಮೇಲಿನದು.”

ನಾನು ಆ ಪುಟವನ್ನು ನೋಡುತ್ತಾ ಕೂತೆ. ಆ ಅಂಕಿಗಳನ್ನು ಹಿಂದೆ ನಾನೇ ಒಂದೊಂದಾಗಿ ತುಂಬಿದ್ದೆ. ತುಂಬುವಾಗ ಒಂದನ್ನೂ ಓದಿರಲಿಲ್ಲ.

“ಈಗಷ್ಟೇ ಮೂರ್ತಿಯವರು ಈ ರಿಜಿಸ್ಟರುಗಳನ್ನ ರದ್ದಿಗೆ ಹಾಕಿ ಅಂತ ಹೇಳಿ ಕಳಿಸಿದ್ರು,” ಎಂದರು ಡಾಕ್ಟರಮ್ಮ. “ಎಲ್ಲಾ ಕಂಪ್ಯೂಟರಿಗೆ ಹಾಕಿ ಆಯ್ತಲ್ಲ ಅಂತ. ಬೀರು ಬೀಗದ ಕೈ ಸಿಗ್ತಿಲ್ಲ ಅಂತ ಸುಳ್ಳು ಹೇಳಿದೆ.”

ಮುನಿವೆಂಕಟಪ್ಪನವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ಭಾನುವಾರ ಬೆಳಗ್ಗೆ ಸೈಕಲ್ ಹತ್ತಿ ಅವರ ಮನೆಗೆ ಹೋದೆ. ಎರಡು ರಾತ್ರಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವರು ಜಗಲಿಯ ಮೇಲೆ ಕೂತಿದ್ದರು, ಬ್ಯಾಂಡೇಜು ಸುತ್ತಿದ ಕಾಲು ಮಡಿಸಿದ ಗೋಣಿಚೀಲದ ಮೇಲಿತ್ತು. ಹೆಂಡತಿ ಅಕ್ಕಯ್ಯಮ್ಮ ಪಕ್ಕದಲ್ಲಿ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ನಾನು ಹತ್ತಿರ ಕೂತು, ತಲೆ ತಗ್ಗಿಸಿ, ಜೋಡಿಸಿಕೊಂಡ ಮಾತುಗಳನ್ನು ಹೇಳಿದೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

“ಗಟ್ಟಿಯಾಗಿ ಯೋಳಿ ಸಾಮಿ, ಕೇಳಾಕಿಲ್ಲ,” ಎಂದರು.

ತಪ್ಪನ್ನು ಪಿಸುಗುಟ್ಟಿ ಒಪ್ಪಿಕೊಳ್ಳುವ ಅನುಕೂಲ ನನಗೆ ಅಂದು ಇರಲಿಲ್ಲ. ಎದ್ದು ನಿಂತು ಕೂಗಿದೆ. “ನಿಮ್ಮ ಕಿವಿಯ ಹಳೇ ಅಂಕಿಗಳನ್ನ ನಾನೇ ಅಳಿಸಿಬಿಟ್ಟೆ. ಅದರಿಂದ ನಿಮಗೆ ಟೂಲ್ ರೂಮ್ ಸಿಗಲಿಲ್ಲ. ತಪ್ಪು ನಂದು.” ಎದುರು ಮನೆಯ ಹೆಂಗಸು ರಂಗೋಲಿ ಬಿಟ್ಟು ತಲೆ ಎತ್ತಿದಳು. ಬೀದಿಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನು ನಿಂತ. ಮುನಿವೆಂಕಟಪ್ಪ ಹೆಂಡತಿಯ ಕಡೆಗೆ ತಿರುಗಿದರು.

“ಏನಂತೆ?”

ಅಕ್ಕಯ್ಯಮ್ಮ ಅವರ ಮುಖಕ್ಕೆ ಮುಖ ಕೊಟ್ಟು, ತುಟಿಗಳನ್ನು ಅಗಲಿಸಿ, ನಿಧಾನವಾಗಿ ಹೇಳಿದರು. “ನಿನ್ ಕಿವಿ ಮೊದ್ಲು ಚೆಂದಾಗಿತ್ತಲ್ಲ, ಅದ್ನ ಅಳಿಸ್ಬಿಟ್ನಂತೆ. ಮಿಸನ್ನಾಗೆ ಜಾಗ ಸಾಲ್ನಿಲ್ವಂತೆ.”

ಅವರು ಗೋಣಿಚೀಲದ ಮೇಲಿನ ಕಾಲನ್ನು ತುಸು ಸರಿಸಿಕೊಂಡರು. ಆಮೇಲೆ ನನ್ನನ್ನು ನೋಡಿ, “ಡಾಕ್ಟ್ರಮ್ಮನ್ ಬುಕ್ಕಾಗೆ ಜಾಗ ಸಾಲ್ತಿತ್ತಲ್ಲ,” ಎಂದರು. “ಒಬ್ಬೊಬ್ರಿಗೆ ಒಂದೊಂದು ಆಳೆ. ನನ್ ಆಳೆ ನಾನೇ ನೋಡಿವ್ನಿ.”

“ಈಗ ಇಷ್ಟೆಲ್ಲ ಯೋಳಿದ್ರೆ ಇವ್ರ ಕಾಲು ಬರ್ತದಾ?” ಎಂದು ಅಕ್ಕಯ್ಯಮ್ಮ ಮೊರದಿಂದ ತಲೆ ಎತ್ತದೆ ಕೇಳಿದರು. ಅವರು ಕಾಫಿ ಕೊಡಲಿಲ್ಲ, ಕೊಡಬೇಕಾದ ಕಾರಣವೂ ಇರಲಿಲ್ಲ. ಹೊರಡಲು ಎದ್ದಾಗ ಮುನಿವೆಂಕಟಪ್ಪ, “ಬಾಯಲ್ಲಿ ಯೋಳಿ ಏನಾಯ್ತದೆ ಸಾಮಿ. ಓಗಿ, ಸರಿ ಮಾಡಿ,” ಎಂದರು.

ಸೈಕಲ್ ತುಳಿಯುತ್ತಾ ಮಾರತ್ತಹಳ್ಳಿಯ ತನಕ ಬಂದವನಿಗೆ ಅವರ ಮಾತು ಮತ್ತೆ ಕೇಳಿದಂತಾಯಿತು. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಮುನ್ನೂರು ಜನರನ್ನು ಒಂದೇ ಹಾಳೆಯಲ್ಲಿ, ಒಂದೇ ಸಲಕ್ಕೆ ನೋಡಬೇಕೆಂದು ಹಟ ಹಿಡಿದವನು ನಾನು. ಒಬ್ಬನ ಹನ್ನೆರಡು ವರ್ಷಕ್ಕೆ ಎಷ್ಟು ಮೆಮೊರಿ ಬೇಕು? ಮೆಷಿನ್ನು ಬಂದ ದಿನ ಇದ್ದದ್ದರಲ್ಲೇ ಮಿಕ್ಕು ಉಳಿಯುತ್ತಿತ್ತು. ಒಬ್ಬನ ಹಾಳೆ ತೆರೆದು, ಮುಗಿಸಿ, ಡಿಸ್ಕಿಗೆ ಹಾಕಿ, ಮುಂದಿನವನದು ತೆರೆದರೆ ಆಯಿತು. ಇಷ್ಟು ಸರಳವಾದ್ದು ನನಗೆ ಹೊಳೆಯದೆ ಹೋದದ್ದು ಯಾಕೆಂದು ಈಗಲೂ ಕೇಳಿಕೊಳ್ಳುತ್ತೇನೆ. ಮೆಮೊರಿ ಹೆಚ್ಚಿಸುವುದರಲ್ಲಿ ಒಂದು ಗತ್ತಿತ್ತು. ಒಬ್ಬೊಬ್ಬರನ್ನೇ ನೋಡುವುದರಲ್ಲಿ ಅದು ಇರಲಿಲ್ಲ, ಅಷ್ಟೇ.

ಮರುದಿನದಿಂದ ಊಟದ ಬಿಡುವಿನಲ್ಲಿ, ಶನಿವಾರದ ಮಧ್ಯಾಹ್ನಗಳಲ್ಲಿ ಡಾಕ್ಟರಮ್ಮ ಓದಿದರು, ನಾನು ತುಂಬಿದೆ. ಈ ಸಲ ಓದಿಕೊಂಡು ತುಂಬಿದೆ. ಮೂವತ್ತನೆಯ ಹಾಳೆಯ ಹೊತ್ತಿಗೆ, ಯಾರಾದರೂ ಸೇರಿದ ವರ್ಷ ಕೇಳಿದರೆ ಅವರ ಅಂಕಿ ಎಲ್ಲಿ ಏರಿರುತ್ತದೆಂದು ಊಹಿಸಬಲ್ಲವನಾದೆ. ಕೆಲವು ಹಾಳೆಗಳು ಅರ್ಧಕ್ಕೆ ನಿಂತಿದ್ದವು. “ಇವರು ಕೆಲಸ ಬಿಟ್ಟರು,” ಎನ್ನುತ್ತಿದ್ದರು ಡಾಕ್ಟರಮ್ಮ, ಪುಟ ತಿರುಗಿಸುತ್ತಾ.

ಅಪಘಾತದ ವಿಚಾರಣೆಗೆ ಸರ್ಕಾರದ ಅಧಿಕಾರಿಯೊಬ್ಬರು ಬಂದರು. ಮೂರ್ತಿಯವರು ಮೊದಲಿನ ಪ್ರಿಂಟ್ ಔಟನ್ನು ಅವರ ಮುಂದಿಟ್ಟರು. ಬಾಗಿಲ ಬಳಿ ನಿಂತಿದ್ದ ನಾನು ಮುಂದೆ ಬಂದೆ.

“ಸಾರ್, ಅದು ತಪ್ಪು ಕಾಗದ. ಮಾಡಿದವನು ನಾನೇ,” ಎಂದೆ. ಕಟ್ಟು ಕಟ್ಟಿದ ಮುನ್ನೂರು ಹಾಳೆಗಳನ್ನು ಮೇಜಿನ ಮೇಲಿಟ್ಟೆ. “ಇದರಲ್ಲಿ ಎಲ್ಲಾ ವರ್ಷಗಳೂ ಇವೆ.”

ಅಧಿಕಾರಿ ಒಂದೊಂದೇ ಹಾಳೆ ತಿರುಗಿಸಿದರು. ಡಾಕ್ಟರಮ್ಮ ರಿಜಿಸ್ಟರುಗಳನ್ನು ಪಕ್ಕದಲ್ಲಿಟ್ಟು, ಬೇಕೆಂದಲ್ಲಿ ತಾಳೆ ನೋಡಿಸಿದರು. ಗೋಡೆಯಾಚೆ ಪ್ರೆಸ್ಸುಗಳು ಬಡಿಯುತ್ತಲೇ ಇದ್ದವು, ಮೇಜಿನ ಮೇಲಿನ ನೀರಿನ ಲೋಟ ನಡುಗುತ್ತಿತ್ತು. ಅಧಿಕಾರಿ ಹೋದ ಮೇಲೆ ಮೂರ್ತಿಯವರು ನನ್ನನ್ನು ನಿಲ್ಲಿಸಿಕೊಂಡರು.

“ನನಗೆ ಮೊದಲೇ ಹೇಳಬಹುದಿತ್ತಲ್ರೀ.”

“ಆ ಕಾಗದ ಮಾಡುವಾಗ ನನಗೂ ಗೊತ್ತಿರಲಿಲ್ಲ ಸಾರ್.”

ಅದರ ಮೇಲೆ ಕೆಲವು ತಿಂಗಳು ನನ್ನ ಕೋಣೆಯ ಬಾಗಿಲಲ್ಲಿ ಅವರು ಬೂಟು ಬಿಚ್ಚಲು ಬರಲಿಲ್ಲ. ಕೆಲಸ ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು.

ಆದರೆ ಆಗಬೇಕಾದ್ದು ಆಗತೊಡಗಿತು. ಪ್ರೆಸ್ಸುಗಳ ಬುಡಕ್ಕೆ ದಪ್ಪ ರಬ್ಬರು ಬಂತು. ಕಿವಿ ಮುಚ್ಚುವ ಸಾಧನಗಳು ಬಂದವು. ಮೊದಮೊದಲು ಸೆಖೆಯೆಂದು ಅವನ್ನು ಕುತ್ತಿಗೆಗೆ ನೇತುಹಾಕಿಕೊಂಡಿದ್ದವರು, ಡಾಕ್ಟರಮ್ಮ ಒಬ್ಬೊಬ್ಬರನ್ನೇ ಕರೆದು ಅವರವರ ಹಾಳೆ ತೋರಿಸಿದ ಮೇಲೆ ಕಿವಿಗೆ ಏರಿಸಿದರು. ಅಂಕಿ ಏರುತ್ತಿದ್ದ ಹೊಸಬರನ್ನು ಬೇರೆ ವಿಭಾಗಗಳಿಗೆ ಕಳಿಸಿದರು. ಅಂಗಳದಲ್ಲಿ ನಡೆಯುವವರಿಗೆ ಬೇರೆ ದಾರಿಯಾಯಿತು.

ನಾಲ್ಕು ತಿಂಗಳ ಮೇಲೆ ಮುನಿವೆಂಕಟಪ್ಪ ವಿಶೇಷವಾಗಿ ಹೊಲಿಸಿದ ಬೂಟು ಹಾಕಿಕೊಂಡು, ಕೋಲೂರಿ ಕೆಲಸಕ್ಕೆ ಬಂದರು. ಅವರಿಗೆ ಟೂಲ್ ರೂಮು ಸಿಕ್ಕಿತ್ತು. ಮೊದಲ ದಿನ ನೋಡಲು ಹೋದೆ. ಗಾಜಿನ ಕಿಟಕಿ, ಉದ್ದನೆಯ ಬೆಂಚು, ಅರ ಉಜ್ಜುವ ಸಣ್ಣ ಸದ್ದು ಬಿಟ್ಟರೆ ಬೇರೇನಿಲ್ಲ. ಅವರು ಒಂದು ಅಚ್ಚಿನ ಅಂಚನ್ನು ಬೆರಳಿನಲ್ಲಿ ಸವರಿ ನೋಡುತ್ತಿದ್ದರು. ನಾನು ಎದುರಿಗೆ ಬಂದು ನಿಂತು, ಬಾಯಿ ಅಗಲಿಸಿ, ಹೇಗಿದೆ ಎಂದು ಕೇಳಿದೆ.

“ಇಲ್ಲಿ ಸದ್ದಿಲ್ಲ ಅಂತಾರೆ,” ಎಂದರು. “ನಂಗೆ ಅಲ್ಲೂ ಅಂಗೇ, ಇಲ್ಲೂ ಅಂಗೇ.”

ಅದರಲ್ಲಿ ದೂರು ಇರಲಿಲ್ಲ. ಇದ್ದದ್ದನ್ನು ಹೇಳಿದರು. ಪಕ್ಕದ ಸ್ಟೂಲಿನ ಮೇಲಿದ್ದ ಅಚ್ಚನ್ನು ಕೆಳಗಿಟ್ಟು, ಕೂತುಕೊಳ್ಳಿ ಎಂದು ಕೈಯಲ್ಲಿ ಸನ್ನೆ ಮಾಡಿದರು. ಕೂತೆ. ಅವರು ಕೆಲಸ ಮುಂದುವರಿಸಿದರು. ಆಮೇಲೆ ಆಗಾಗ ಹೋಗಿ ಹಾಗೆ ಕೂರುವುದು ನನಗೆ ಅಭ್ಯಾಸವಾಯಿತು.

ಆ ವರ್ಷದ ಕಿವಿ ಪರೀಕ್ಷೆ ಶುರುವಾದಾಗ ಅಂಕಿಗಳನ್ನು ನೇರವಾಗಿ ಬರೆದುಕೊಳ್ಳಲು ನಾನೂ ಚಿಕಿತ್ಸಾಲಯದಲ್ಲಿ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಮೂರ್ತಿಯವರು ಬಾಗಿಲಲ್ಲಿ ಬಂದು ನಿಂತರು. ನಮ್ಮಿಬ್ಬರನ್ನೂ ನೋಡಿ, “ನಂದೂ ಒಂದು ಹಾಳೆ ಮಾಡ್ತೀರಾ?” ಎಂದರು. “ಮ್ಯಾನೇಜರ್ ಆಗೋಕೆ ಮುಂಚೆ ಹದಿನಾರು ವರ್ಷ ನಾನೂ ಪ್ರೆಸ್ಸಿನ ಹತ್ತಿರಾನೇ ಇದ್ದೆ.”

ಡಾಕ್ಟರಮ್ಮ ಕುರ್ಚಿ ತೋರಿಸಿದರು. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಹೆಡ್‌ಫೋನ್ ಹಾಕಿಸಿಕೊಂಡು, ಶಾಲೆಯ ಮಗುವಿನಂತೆ ನೆಟ್ಟಗೆ ಕೂತರು. ನಾನು ಹೊಸ ಹಾಳೆ ತೆಗೆದು ಮೇಲೆ ಅವರ ಹೆಸರು ಬರೆದೆ. ದಪ್ಪನೆಯ ಸ್ವರಕ್ಕೆ ತಕ್ಷಣ ಬೆರಳೆತ್ತಿದರು. ಮುಂದಿನದಕ್ಕೂ ಎತ್ತಿದರು. ಅದರ ಮುಂದಿನದಕ್ಕೆ ತುಸು ತಡವಾಯಿತು. ಕೊನೆಗೆ ಡಾಕ್ಟರಮ್ಮ ಸಿಳ್ಳೆಯಂಥ ಸ್ವರ ಇಟ್ಟು ಗುಂಡಿಯನ್ನು ನಿಧಾನವಾಗಿ ತಿರುಗಿಸಿದರು. ಇನ್ನಷ್ಟು ತಿರುಗಿಸಿದರು. ಹೆಡ್‌ಫೋನಿನ ಸಂದಿನಿಂದ ಸೋರಿ ಬಂದ ಆ ಸದ್ದು ಮೂರು ಮಾರು ದೂರದಲ್ಲಿ ಕೂತಿದ್ದ ನನಗೇ ಸ್ಪಷ್ಟವಾಗಿ ಕೇಳಿಸಿತು. ನಾನು ಪೆನ್ನು ಹಿಡಿದು ಕಾದೆ. ಮೂರ್ತಿಯವರು ಬೆರಳನ್ನು ಮೊಣಕಾಲಿನ ಮೇಲೆ ಸಿದ್ಧವಾಗಿಟ್ಟುಕೊಂಡು, ಡಾಕ್ಟರಮ್ಮನ ಮುಖವನ್ನೇ ನೋಡುತ್ತಾ, ಸದ್ದು ಇನ್ನೂ ಬಂದಿಲ್ಲವೆಂದು ಕಾಯುತ್ತಾ ಕೂತಿದ್ದರು.